ಅಂಗಳದ ಮೀಟರೂ ಒಂದು ತಕ್ಕಡಿಯೇ

ಎಲ್ಲರಿಗೂ ನಮಸ್ಕಾರ. ನಾನು ವಕೀಲನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಒಂದು ಮೊಬೈಲ್ ಹೋಮ್ ಪಾರ್ಕಿನಲ್ಲಿ, ಅಂದರೆ ಕಾರ್ಖಾನೆಯಲ್ಲಿ ಕಟ್ಟಿ ತಂದು ಕೂರಿಸಿದ ಮನೆಗಳ ಬಡಾವಣೆಯಲ್ಲಿ, ಮನೆ ಮಾಡಿಕೊಂಡಿದ್ದೇನೆ. ಅಲ್ಲಿ ನೀರಿನ ಬಿಲ್ ಓದೋದು ಕಲಿತೆ, ಅಷ್ಟೇ.

ಅಮ್ಮ ಹಾಸನದಿಂದ ಬಂದಾಗ ಅವರಿಗೆ ಹೇಳಿದ್ದೆ, ‘ಮನೆ ನಮ್ಮದು, ಕೆಳಗಿನ ಜಾಗ ಬಾಡಿಗೆಯದು’ ಅಂತ. ‘ಹಾಗಾದ್ರೆ ಓನರ್ ಜತೆ ಜಗಳ ಆದ್ರೆ ಮನೆ ಎತ್ಕೊಂಡು ಹೋಗ್ಬಹುದಾ?’ ಅಂದರು. ಹೆಸರಿಗೆ ಮೊಬೈಲ್. ಒಮ್ಮೆ ಕೂರಿಸಿದ ಮನೆಯನ್ನು ಕದಲಿಸಲು ಸಾವಿರಾರು ಡಾಲರ್ ಬೇಕು, ಕೂರಿಸಲು ಇನ್ನೊಂದು ಜಾಗವೂ ಸಿಗಬೇಕು. ಈ ಊರಿನಲ್ಲೇ ಇಂಥ ಹತ್ತು ಸಾವಿರಕ್ಕೂ ಜಾಸ್ತಿ ಮನೆಗಳಿವೆ. ಎದ್ದು ಹೋಗಲು ಆಗದವನ ಬಿಲ್ ಹೇಗಿರುತ್ತದೆ ಅನ್ನೋದೇ ಇವತ್ತಿನ ವಿಷಯ.

ನೀರು ಹೇಗೆ ಬರುತ್ತದೆ ನೋಡಿ. ಬಹಳಷ್ಟು ಪಾರ್ಕುಗಳ ಗೇಟಿನ ಹತ್ತಿರ ಒಂದು ದೊಡ್ಡ ಮೀಟರ್ ಇರುತ್ತದೆ. ನೀರಿನ ಕಂಪನಿಗೆ ಗೊತ್ತಿರುವ ಗ್ರಾಹಕ ಪಾರ್ಕಿನ ಓನರ್ ಒಬ್ಬರೇ. ಅಲ್ಲಿಂದ ಮುಂದೆ ಒಳಗಿನ ಪೈಪು, ಪ್ರತಿ ಮನೆಯ ಮುಂದೆ ಒಂದು ಸಣ್ಣ ಮೀಟರು, ಅಂದರೆ ಸಬ್‌ಮೀಟರ್. ಬೆಂಗಳೂರಿನಲ್ಲಿ ಫ್ಲ್ಯಾಟ್ ಇರುವವರಿಗೆ ಇದು ಹೊಸದಲ್ಲ. ಜಲಮಂಡಳಿಯ ಒಂದೇ ಕನೆಕ್ಷನ್ನು, ಒಳಗೆ ಹಂಚಿಕೆ, ಆಮೇಲೆ ಅಸೋಸಿಯೇಷನ್ ಮೀಟಿಂಗಿನಲ್ಲಿ ರಂಪ. ವ್ಯತ್ಯಾಸ ಏನೆಂದರೆ, ಅಲ್ಲಿ ಅಸೋಸಿಯೇಷನ್ ಅಂದರೆ ನೀವೇ. ಇಲ್ಲಿ ಎದುರಿಗೆ ಇರುವುದು ಓನರ್.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ವಿಯೆಟ್ನಾಮಿ ಅಜ್ಜಿ ಇದ್ದಾರೆ, ಒಬ್ಬರೇ. ಒಂದು ದಿನ ಬಿಲ್ ಹಿಡಿದುಕೊಂಡು ಬಂದರು. ನೀರು 9 ಯೂನಿಟ್, ಬಿಲ್ಲಿಂಗ್ ಫೀ 9 ಡಾಲರ್. ಒಂದು ಯೂನಿಟ್ ಅಂದರೆ 100 ಘನ ಅಡಿ, 748 ಗ್ಯಾಲನ್, ನಮ್ಮ ಲೆಕ್ಕದಲ್ಲಿ ಸುಮಾರು 2,830 ಲೀಟರ್. ಒಂಬತ್ತು ಯೂನಿಟ್ ಅಂದರೆ ದಿನಕ್ಕೆ ಸುಮಾರು 850 ಲೀಟರ್ ಆಯಿತು. ಅಜ್ಜಿ ಏನು ಆನೆ ಸಾಕಿದ್ದಾರಾ? ಓನರ್ ಮೋಸ ಮಾಡ್ತಿದ್ದಾನೆ ಅಂತ ನನಗೆ ಆಗಲೇ ಖಾತ್ರಿಯಾಗಿತ್ತು.

ಸ್ಕ್ರೂಡ್ರೈವರ್ ಹಾಕಿ ಮೀಟರ್ ಪೆಟ್ಟಿಗೆಯ ಮುಚ್ಚಳ ಎತ್ತಿದೆವು. ಒಳಗೆ ಜೇಡರ ಬಲೆ, ಮಣ್ಣು. ಬಟ್ಟೆಯಲ್ಲಿ ಗಾಜು ಒರೆಸಿದ ಮೇಲೆ ಅಂಕಿಗಳು ಕಂಡವು. ಅದರ ಪಕ್ಕದಲ್ಲೇ ಅಕ್ಕಿಕಾಳಿನಷ್ಟು ಸಣ್ಣ ಕೆಂಪು ತ್ರಿಕೋನ. ಮನೆಯ ನಲ್ಲಿಗಳೆಲ್ಲ ಬಂದ್ ಆಗಿದ್ದರೂ ಅದು ಮೆಲ್ಲಗೆ ತಿರುಗುತ್ತಿತ್ತು. ಮೀಟರ್ ದಾಟಿದ ಮೇಲೆ, ಅಂದರೆ ಅಜ್ಜಿಯ ಕಡೆಯಲ್ಲೇ, ನೀರು ಎಲ್ಲೋ ಸೋರುತ್ತಿದೆ ಅಂತ ಅರ್ಥ. ಮನೆಯಿಂದ ಕೇಸರಿಬಾತಿಗೆ ಹಾಕುವ ಬಣ್ಣ ತಂದು ಟಾಯ್ಲೆಟ್ಟಿನ ಟ್ಯಾಂಕಿಗೆ ನಾಲ್ಕು ಹನಿ ಬಿಟ್ಟೆ. ಫ್ಲಶ್ ಮಾಡದೆ ಕಾದೆವು. ಕಾಲು ಗಂಟೆಯಲ್ಲಿ ಕೆಳಗಿನ ನೀರೂ ಕೇಸರಿ! ಟ್ಯಾಂಕಿನೊಳಗಿನ ರಬ್ಬರು ಸವೆದುಹೋಗಿತ್ತು.

ಮೀಟರ್ ಸುಳ್ಳು ಹೇಳಿರಲಿಲ್ಲ. ಬಿಲ್ ಮಾತ್ರ ಸರಿ ಇರಲಿಲ್ಲ.

ಕ್ಯಾಲಿಫೋರ್ನಿಯಾದ ಸಿವಿಲ್ ಕೋಡಿನಲ್ಲಿ 798ನೇ ಕಲಮಿನಿಂದ ಶುರುವಾಗುವ ಒಂದು ಭಾಗ ಇದೆ, ಮೊಬೈಲ್‌ಹೋಮ್ ರೆಸಿಡೆನ್ಸಿ ಲಾ ಅಂತ. ಅದರ 798.40 ಹೇಳುವುದು ಇಷ್ಟು: ಸಬ್‌ಮೀಟರ್ ಇಟ್ಟು ಬಿಲ್ ಮಾಡುವುದಾದರೆ, ತಿಂಗಳ ಮೊದಲಿನ ರೀಡಿಂಗು, ಕೊನೆಯ ರೀಡಿಂಗು ಎರಡೂ ಬಿಲ್ಲಿನಲ್ಲಿ ಇರಬೇಕು. ಕಂಪನಿಯ ರೇಟು ಎಲ್ಲರಿಗೂ ಕಾಣುವ ಕಡೆ ಅಂಟಿಸಿರಬೇಕು, ಇಲ್ಲವೇ ಅದು ಸಿಗುವ ವೆಬ್‌ಸೈಟ್ ವಿಳಾಸ ಹಾಕಿರಬೇಕು. ಅಜ್ಜಿಯ ಬಿಲ್ಲಿನಲ್ಲಿ ಒಂದು ರೀಡಿಂಗೂ ಇರಲಿಲ್ಲ. ಅದು ಇದ್ದಿದ್ದರೆ ಸೋರಿಕೆ ತಿಂಗಳುಗಳ ಹಿಂದೆಯೇ ಕಣ್ಣಿಗೆ ಬೀಳುತ್ತಿತ್ತು, ಅಲ್ವಾ?

ಇನ್ನು ಆ 9 ಡಾಲರ್ ಬಿಲ್ಲಿಂಗ್ ಫೀ. 2021ರಲ್ಲಿ ಎಬಿ 1061 ಅನ್ನುವ ಮಸೂದೆ ಪಾಸಾಗಿ ನೀರಿನ ಬಿಲ್ಲಿಗೆ ಮೂರೇ ಬಾಬ್ತು ಉಳಿಯಿತು. ಬಳಸಿದ ನೀರಿನ ದುಡ್ಡು, ಕಂಪನಿ ಹಾಕುವ ನಿಗದಿ ಶುಲ್ಕದಲ್ಲಿ ನಿಮ್ಮ ಪಾಲು, ಮತ್ತು ಬಿಲ್ ಮಾಡುವ ಖರ್ಚು. ಈ ಕೊನೆಯದಕ್ಕೆ ಮಿತಿ ಇದೆ. 4.75 ಡಾಲರ್, ಅಥವಾ ನೀರಿನ ದುಡ್ಡಿನ ಶೇಕಡಾ 25, ಯಾವುದು ಕಡಿಮೆಯೋ ಅದು. ಆ 4.75 ಅನ್ನು ವರ್ಷಕ್ಕೊಮ್ಮೆ ಬೆಲೆಯೇರಿಕೆ ಸೂಚ್ಯಂಕದಷ್ಟು ಏರಿಸಬಹುದು, ಅದಕ್ಕಿಂತ ಜಾಸ್ತಿ ಇಲ್ಲ. ಅಷ್ಟು ಏರಿಸಿದರೂ ಅದು 9 ಆಗಲು ಇನ್ನೂ ಬಹಳ ವರ್ಷ ಬೇಕು.

ಇಲ್ಲಿವರೆಗೆ ನೀರು ಬಾಡಿಗೆಯಲ್ಲೇ ಸೇರಿತ್ತು, ಈಗ ಬೇರೆ ಬಿಲ್ ಬರುತ್ತದೆ ಅಂತ ಚೀಟಿ ಬಂದರೆ 798.41 ನೋಡಿ. ಹಿಂದಿನ 12 ತಿಂಗಳಲ್ಲಿ ನಿಮ್ಮ ಜಾಗಕ್ಕೆ ಸರಾಸರಿ ಎಷ್ಟು ಖರ್ಚಾಗಿತ್ತೋ ಅಷ್ಟನ್ನು ಬಾಡಿಗೆಯಲ್ಲಿ ಇಳಿಸಬೇಕು. ಇದನ್ನು ಕೇಳದೆ ಸುಮ್ನೆ ಕಟ್ಟಿದವರನ್ನು ನಾನು ನೋಡಿದ್ದೇನೆ.

ಮೀಟರಿನ ಮೇಲೇ ಅನುಮಾನ ಇದ್ದರೆ? ನಮ್ಮೂರಿನಲ್ಲಿ ಅಂಗಡಿಯ ತಕ್ಕಡಿಗೆ ಇಲಾಖೆಯವರು ಮುದ್ರೆ ಹಾಕುತ್ತಾರಲ್ಲ, ಇಲ್ಲೂ ಹಾಗೇ. ಪೆಟ್ರೋಲ್ ಬಂಕು, ತರಕಾರಿ ತಕ್ಕಡಿ ನೋಡುವ ಕೌಂಟಿಯ (ನಮ್ಮ ಜಿಲ್ಲೆ ಇದ್ದ ಹಾಗೆ) ತೂಕ-ಅಳತೆ ವಿಭಾಗವೇ ಸಬ್‌ಮೀಟರನ್ನೂ ಪರೀಕ್ಷಿಸಿ ಸೀಲ್ ಹಾಕುತ್ತದೆ. ಸೀಲ್ ಇದೆಯಾ ಅಂತ ಒಮ್ಮೆ ಬಗ್ಗಿ ನೋಡಿ. ಇಲ್ಲದಿದ್ದರೆ ಅವರಿಗೆ ದೂರು ಕೊಡಿ. ಬಿಲ್ಲಿನ ತಕರಾರಿಗೆ ರಾಜ್ಯದ ವಸತಿ ಇಲಾಖೆಯಲ್ಲಿ ಬೇರೆ ವ್ಯವಸ್ಥೆ ಇದೆ. 2020ರ ಜುಲೈಯಿಂದ ಅಲ್ಲಿ ಪಾರ್ಕ್ ನಿವಾಸಿಗಳ ದೂರು ತೆಗೆದುಕೊಳ್ಳುತ್ತಿದ್ದಾರೆ.

ಒಂದು ಎಚ್ಚರಿಕೆ. ಸಿಟ್ಟಿನಲ್ಲಿ ಬಿಲ್ ಕಟ್ಟೋದು ಮಾತ್ರ ನಿಲ್ಲಿಸಬೇಡಿ. ನೀರಿನ ಬಾಕಿ ಉಳಿಸಿಕೊಂಡರೆ ಜಾಗ ಖಾಲಿ ಮಾಡಿಸಲು ಅದೇ ಕಾರಣ ಆಗಬಹುದು. ಕಟ್ಟಿ, ಜತೆಗೆ ‘ಆಕ್ಷೇಪಣೆಯೊಂದಿಗೆ ಕಟ್ಟುತ್ತಿದ್ದೇನೆ’ ಅಂತ ಒಂದು ಕಾಗದ ಬರೆದುಕೊಡಿ, ನಕಲು ಇಟ್ಟುಕೊಳ್ಳಿ.

ಅಜ್ಜಿಯೂ ಹಾಗೇ ಮಾಡಿದರು. ಇಂಗ್ಲಿಷ್ ಕಾಗದ ಬರೆದವನು ನಾನು, ಸ್ಪೆಲ್ಲಿಂಗ್ ತಿದ್ದಿದ್ದು ಅವರ ಮೊಮ್ಮಗಳು. ಎರಡು ತಿಂಗಳಾದ ಮೇಲೆ ಬಂದ ಬಿಲ್ಲಿನಲ್ಲಿ ಎರಡೂ ರೀಡಿಂಗ್ ಇದ್ದವು, ಫೀ ಇಳಿದಿತ್ತು, ನೀರು 2 ಯೂನಿಟ್. ಈಗ ಪ್ರತಿ ತಿಂಗಳು ಒಂದನೇ ತಾರೀಕು ಅಜ್ಜಿ ಟಾರ್ಚ್ ಹಿಡಿದು ಮೀಟರ್ ಮುಂದೆ ಕೂರುತ್ತಾರೆ, ಅಂಕಿಯನ್ನು ಕ್ಯಾಲೆಂಡರಿನಲ್ಲಿ ಬರೆದಿಡುತ್ತಾರೆ. ಆಮೇಲೆ ನನ್ನ ಮೀಟರಿನ ಮುಚ್ಚಳವನ್ನೂ ಎತ್ತಿ ನೋಡಿ, ‘ನಿಮ್ಮನೇಲಿ ನೀರು ಜಾಸ್ತಿ ಖರ್ಚಾಗ್ತಿದೆ’ ಅಂತ ಬೈದು ಹೋಗುತ್ತಾರೆ.