ಕಾಯುವ ಹುಡುಗರ ಕೈಗೆ ಕೆಲಸ ಕೊಡಿ

ನಮಸ್ಕಾರ. ವೀಕ್ಷಣಾಲಯ ಅಂದರೆ ಸುಮಾರು ಜನ 'ಮಕ್ಕಳ ಜೈಲಾ?' ಅಂತ ಕೇಳುತ್ತಾರೆ. ಜೈಲಲ್ಲ ಸ್ವಾಮಿ. 18 ತುಂಬದ ಹುಡುಗನ ಮೇಲೆ ಕೇಸಾಗಿ, ಜಾಮೀನು ಸಿಗದಿದ್ದರೆ, ಬಾಲ ನ್ಯಾಯ ಮಂಡಳಿ ವಿಚಾರಣೆ ಮಾಡುವಾಗ ಅವನನ್ನು ಇಟ್ಟುಕೊಳ್ಳುವ ಜಾಗ. ತಪ್ಪು ಮಾಡಿದ್ದಾನೋ ಇಲ್ಲವೋ ಇನ್ನೂ ತೀರ್ಮಾನವೇ ಆಗಿರುವುದಿಲ್ಲ.

2015ರ ಬಾಲ ನ್ಯಾಯ ಕಾಯ್ದೆ ವಿಚಾರಣೆಗೆ 4 ತಿಂಗಳು ಕೊಡುತ್ತದೆ, ಕಾರಣ ಬರೆದರೆ ಇನ್ನೂ 2 ತಿಂಗಳು. ಆ ದಿನಗಳಲ್ಲಿ ಹುಡುಗ ಏನು ಮಾಡಬೇಕು? ನನ್ನ ತಕರಾರು ಇದೊಂದೇ. 'ಇವತ್ತೋ ನಾಳೆಯೋ ಹೋಗುವವನು, ಇವನಿಗೇನು ಪಾಠ ಶುರುಮಾಡೋದು' ಅಂತ ಎಲ್ಲರೂ ಸುಮ್ಮನಾಗುತ್ತಾರೆ. ಆ ನಾಳೆ ಬರುವುದೇ ಇಲ್ಲ. ಹುಡುಗ ಟಿವಿ ಮುಂದೆ ಕೂರುತ್ತಾನೆ, ಪಕ್ಕದವನಿಂದ ಬೈಕಿನ ಲಾಕ್ ಮುರಿಯೋದು ಹೇಗೆ ಅಂತ ಕೇಳಿಕೊಳ್ಳುತ್ತಾನೆ.

ನಾನು ಆಪ್ತಸಮಾಲೋಚನೆಗೆ ಹೋಗುತ್ತಿದ್ದ ಕಡೆ ಒಬ್ಬ ಹುಡುಗನಿದ್ದ. ಹೆಸರು ಹೇಳುವಂತಿಲ್ಲ, ಕಾನೂನು ಬಿಡಲ್ಲ. ಮೊಬೈಲ್ ಕಳವಿನ ಕೇಸು. ಬಂದು ಎಷ್ಟು ದಿನವಾಯಿತಪ್ಪಾ ಅಂದರೆ, 'ಮೂರನೇ ಸೋಪು ನಡೀತಿದೆ ಸಾರ್' ಅನ್ನುತ್ತಿದ್ದ. ತಾರೀಖಿನ ಲೆಕ್ಕ ಬಿಟ್ಟೇಬಿಟ್ಟಿದ್ದ. ಒಂದು ದಿನ ನೀರಿನ ಮೋಟರ್ ಕೆಟ್ಟಿತು. ರಿಪೇರಿಗೆ ಬಂದವರು ಸ್ವಲ್ಪ ಸಿಡುಕು, 'ಲೇ, ಟಾರ್ಚ್ ಹಿಡ್ಕೋ ಬಾ' ಅಂದರು. ಹುಡುಗ ಊಟಕ್ಕೂ ಏಳಲಿಲ್ಲ. ವೈಂಡಿಂಗ್ ಸುಟ್ಟಿದೆ ಅಂದರೇನು, ಕೆಪಾಸಿಟರ್ ಯಾಕೆ, ತಲೆ ತಿಂದ. ಕೊನೆಗೆ ಸ್ವಿಚ್ ಅವನ ಕೈಯಲ್ಲೇ ಹಾಕಿಸಿದರು. ನೀರು ಬಂತು. ಮರುದಿನ ನಾನು ಗೇಟಿನೊಳಗೆ ಕಾಲಿಡುತ್ತಿದ್ದಂತೆ ಓಡಿಬಂದ: 'ಸಾರ್, ಇವತ್ತೇನಾದ್ರೂ ಕೆಟ್ಟಿದೆಯಾ?'

ಅಯ್ಯೋ, ಎರಡೇ ನಿಮಿಷ ಉಳಿದಿದೆಯಂತೆ. ಖಾಲಿ ಹುದ್ದೆಗಳ ಬಗ್ಗೆ, ಜಾಮೀನು ಸಿಕ್ಕರೂ ಕರೆದೊಯ್ಯಲು ಯಾರೂ ಬಾರದ ಮಕ್ಕಳ ಬಗ್ಗೆ ಹೇಳಬೇಕಿತ್ತು. ಹೊರಗೆ ಹೋದಮೇಲೆ ಅವರನ್ನು ವಿಚಾರಿಸುವವರೇ ಕಮ್ಮಿ, ಅದೂ ಇತ್ತು. ಇರಲಿ.

ಹೊಲಿಗೆ, ವೈರಿಂಗ್, ಮರಗೆಲಸ, ಏನು ಬಂದರೂ ಸರಿ, ನಿಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ 'ನಾನು ಕಲಿಸ್ತೀನಿ' ಅನ್ನಿ. ಆರು ತಿಂಗಳ ಕೋರ್ಸು ಬೇಡ, ಒಂದೇ ದಿನದಲ್ಲಿ ಮುಗಿಯುವ ಕೆಲಸ ಸಾಕು. ಅನುಮತಿಗೆ ಒಂದೆರಡು ಸಲ ಅಲೆಸಬಹುದು. ಒಳಗೆ ಹೋಗುವಾಗ ಸ್ಕ್ರೂಡ್ರೈವರ್ ಎಣಿಸಿಕೊಳ್ಳುತ್ತಾರೆ, ಬರುವಾಗ ಮತ್ತೆ ಎಣಿಸುತ್ತಾರೆ, ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ನಮಸ್ಕಾರ.