ಅಂಕಿಯ ಪಕ್ಕ ಯೂನಿಟ್ ಬರೆಯಿರಿ

ಕೇಳುಗರೆಲ್ಲರಿಗೂ ನಮಸ್ಕಾರ. ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ಸೈನ್ಸ್ ಸೇರುವ ಮಕ್ಕಳು, ಅವರ ಅಪ್ಪ ಅಮ್ಮ ಇವತ್ತು ರೇಡಿಯೋ ಮುಂದೆ ಇದ್ದೀರಿ ಅಂದುಕೊಂಡಿದ್ದೇನೆ. ಬೇಸಿಗೆ ಬಂದರೆ ಸಾಕು, 'ಸರ್, ಫಿಸಿಕ್ಸಿಗೆ ಯಾವ ಕೋಚಿಂಗ್ ಒಳ್ಳೇದು?' ಅಂತ ಕೇಳುತ್ತೀರಿ. ಕೋಚಿಂಗ್ ಮಾತು ಆಮೇಲೆ. ಮೊದಲು ಒಂದೇ ಒಂದು ಅಭ್ಯಾಸ ಮಾಡಿಸಿ. ಅಂಕಿ ಬರೆದಾಗಲೆಲ್ಲ ಪಕ್ಕದಲ್ಲಿ ಯೂನಿಟ್ ಬರೆಯಲಿ.

ಗಂಜ್ ಮಾರುಕಟ್ಟೆಗೆ ತೊಗರಿ ಒಯ್ದಾಗ ಅಡತಿಯವರು ಬರೀ 'ಇಪ್ಪತ್ತು' ಅಂದರೆ ಸುಮ್ನೆ ಬರುತ್ತೀರಾ? ಕಿಲೋನೋ ಕ್ವಿಂಟಲೋ ಅಂತ ಕೇಳುತ್ತೀರಿ, ಅಲ್ವಾ? ಮಕ್ಕಳು ಮಾತ್ರ ಬರೀ 'ಇಪ್ಪತ್ತು' ಬರೆದು ಗೆರೆ ಎಳೆದುಬಿಡುತ್ತಾರೆ.

ಒಮ್ಮೆ ಪ್ರಥಮ ಪಿಯುಸಿ ಕ್ಲಾಸಿನಲ್ಲಿ ಒಂದು ಲೆಕ್ಕ ಕೊಟ್ಟಿದ್ದೆ. ಬಸ್ಸು ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿದೆ. ಬ್ರೇಕ್ ಒತ್ತಿದರೆ ಪ್ರತಿ ಸೆಕೆಂಡೂ ವೇಗ ಸೆಕೆಂಡಿಗೆ 4 ಮೀಟರಿನಷ್ಟು ತಗ್ಗುತ್ತದೆ. ಎಷ್ಟು ದೂರ ಹೋಗಿ ನಿಲ್ಲುತ್ತದೆ? ಮುಂದಿನ ಬೆಂಚಿನ ಹುಡುಗ ಥಟ್ಟನೆ ಬೋರ್ಡಿಗೆ ಬಂದ. ಸೂತ್ರ ಬಾಯಿಪಾಠ: ವೇಗದ ವರ್ಗವನ್ನು, ಸೆಕೆಂಡಿಗೆ ತಗ್ಗುವ ವೇಗದ ಎರಡರಷ್ಟರಿಂದ ಭಾಗಿಸು. 72ರ ವರ್ಗ 5184, ಭಾಗಿಸು 8, ಉತ್ತರ 648. ಮುತ್ತಿನಂಥ ಅಕ್ಷರ, ಕೆಳಗೆ ಎರಡು ಗೆರೆ ಬೇರೆ! 'ಏನು 648?' ಅಂದೆ. 'ಮೀಟರ್ ಸರ್' ಅಂದ.

ಆಗ ಒಬ್ಬ ಹುಡುಗಿ ಎದ್ದಳು. 'ಸರ್, ನಮ್ಮಪ್ಪ ಬಸ್ ಡ್ರೈವರ್. ಶರಣಬಸವೇಶ್ವರ ಗುಡಿ ಹತ್ರ ಬ್ರೇಕ್ ಹಾಕಿ ಅರ್ಧ ಕಿಲೋಮೀಟರ್ ದಾಟಿ ನಿಲ್ಲಿಸಿದ್ರ ಡಿಪೋದಾಗ ಸುಮ್ನ ಬಿಡ್ತಾರೇನ್ರಿ?' ಕ್ಲಾಸೆಲ್ಲ ನಗು. ಚಾಕ್‌ಪೀಸ್ ಅವಳ ಕೈಗೇ ಕೊಟ್ಟೆ. 72ರ ಪಕ್ಕ ಕಿಲೋಮೀಟರ್, ಗಂಟೆ ಅಂತ ಬರೆದಳು. 4ರ ಪಕ್ಕ ಮೀಟರ್, ಸೆಕೆಂಡು. ಅಲ್ಲಿಗೆ ಕೈ ನಿಂತಿತು. 72 ಸಾವಿರ ಮೀಟರನ್ನು 3600 ಸೆಕೆಂಡಿನಿಂದ ಭಾಗಿಸಿದಳು, 20 ಬಂತು. 20ರ ವರ್ಗ 400, ಭಾಗಿಸು 8, 50 ಮೀಟರ್. 'ಈಗ ಬಸ್ ನಿಂತಿತು ನೋಡ್ರಿ' ಅಂತ ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ. ಸೂತ್ರ ಇಬ್ಬರಿಗೂ ಗೊತ್ತಿತ್ತು. ಯೂನಿಟ್ ಬರೆದವಳು ಒಬ್ಬಳೇ.

ಮಕ್ಕಳಾಟ ಅನ್ನಬೇಡಿ. ನಾಸಾ ಮಂಗಳಕ್ಕೆ ಕಳಿಸಿದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ 1999ರಲ್ಲಿ ಕೈತಪ್ಪಿದ್ದೂ ಇದರಿಂದಲೇ. ಒಂದು ಕಡೆಯವರು ಪೌಂಡಿನಲ್ಲಿ ಕೊಟ್ಟ ಲೆಕ್ಕವನ್ನು ಇನ್ನೊಂದು ಕಡೆಯವರು ನ್ಯೂಟನ್ ಅಂದುಕೊಂಡರು. ಎರಡೂ ಬಲ ಅಳೆಯುವ ಯೂನಿಟ್‌ಗಳೇ, ಅಳತೆ ಮಾತ್ರ ಬೇರೆ.

ಸೇಡಂ, ಚಿಂಚೋಳಿ ಕಡೆಯ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷಿನ ಭಯ ಜಾಸ್ತಿ. ಮೀಟರ್, ಕಿಲೋಗ್ರಾಂ, ಸೆಕೆಂಡು ಎರಡೂ ಕಡೆ ಅವೇ, ಮಕ್ಕಳೇ. ಪ್ರಶ್ನೆ ಅರ್ಧ ತಿಳಿದರೂ ಯೂನಿಟ್ ಹಿಡಿದು ದಾರಿ ಹುಡುಕಬಹುದು.

ಗ್ರಾಫ್ ಬಗ್ಗೆ, ಸೈನ್ ಕಾಸ್ ಬಗ್ಗೆ ಹೇಳಬೇಕು ಅಂತ ಚೀಟಿ ಬರೆದುಕೊಂಡು ಬಂದಿದ್ದೆ. ಗಾಜಿನಾಚೆ ಗಡಿಯಾರ ತೋರಿಸುತ್ತಿದ್ದಾರೆ. ಸರಿ, ಹತ್ತನೇ ಕ್ಲಾಸಿನ ತ್ರಿಕೋನಮಿತಿ ಪುಸ್ತಕವನ್ನು ರದ್ದಿಗೆ ಹಾಕಬೇಡಿ. ಗ್ರಾಫ್ ಬರೆದರೆ ಎರಡೂ ಅಕ್ಷಗಳ ಪಕ್ಕ ಏನು ಬರೆಯಬೇಕು ಅಂತ ಮತ್ತೆ ಹೇಳಬೇಕಾ? ನಮಸ್ಕಾರ.