ಬೈಬಲ್‌ನಲ್ಲಿ ತಪ್ಪು ಸಿಕ್ಕರೆ ನಂಬಿಕೆ ಬಿದ್ದುಹೋಗುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಬೈಬಲ್ ತಂದವರು ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರ ತೆಗೆಯಿರಿ. ಮೊದಲನೆಯ ಅಧ್ಯಾಯ, 14ನೇ ವಚನ. ಪೌಲನಿಗೆ ಇಲ್ಲಿ ಬೇಸರವಾಗಿದೆ. 'ನಾನು ಪೌಲನ ಕಡೆಯವನು', 'ನಾನು ಅಪೊಲ್ಲೋಸನ ಕಡೆಯವನು' ಎಂದು ಸಭೆಯಲ್ಲಿ ಗುಂಪುಗಳಾಗಿವೆ. ಅದಕ್ಕೆ ಅವನು ಹೇಳುತ್ತಾನೆ: ಕ್ರಿಸ್ಪ, ಗಾಯ ಇಬ್ಬರನ್ನು ಬಿಟ್ಟರೆ ನಿಮ್ಮಲ್ಲಿ ಯಾರಿಗೂ ನಾನು ದೀಕ್ಷಾಸ್ನಾನ ಮಾಡಿಸಲಿಲ್ಲ, ದೇವರಿಗೆ ಸ್ತೋತ್ರ. ಒಂದು ವಚನ ದಾಟುವಷ್ಟರಲ್ಲಿ ಅವನಿಗೆ ನೆನಪಾಗುತ್ತದೆ. ಹೌದು, ಸ್ತೆಫನನ ಮನೆಯವರಿಗೂ ಮಾಡಿಸಿದ್ದೇನೆ. ಅದರ ಬೆನ್ನಿಗೇ ಇನ್ನೊಂದು ಮಾತು. ಬೇರೆ ಯಾರಿಗಾದರೂ ಮಾಡಿಸಿದೆನೋ ಏನೋ, ಗೊತ್ತಿಲ್ಲ.

ಈ ಪತ್ರದ ಕೊನೆಯ ಅಧ್ಯಾಯ ಓದಿದರೆ, ಇದೇ ಸ್ತೆಫನ ಆಗ ಪೌಲನ ಹತ್ತಿರ ಬಂದಿದ್ದ ಎಂದು ಗೊತ್ತಾಗುತ್ತದೆ. ಪೌಲ ಬಾಯಲ್ಲಿ ಹೇಳುತ್ತಿದ್ದ, ಇನ್ನೊಬ್ಬರು ಬರೆದುಕೊಳ್ಳುತ್ತಿದ್ದರು. ಕೊನೆಯ ವಂದನೆ ಮಾತ್ರ ತನ್ನ ಕೈಬರಹ ಎಂದು ಅವನೇ ಹೇಳಿದ್ದಾನೆ. ಪಕ್ಕದಲ್ಲಿ ಕೂತಿದ್ದ ಸ್ತೆಫನನೇ 'ನಮ್ಮ ಮನೆಯವರನ್ನು ಮರೆತಿರಲ್ಲ' ಅಂದನೋ ಏನೋ. ಇದು ನನ್ನ ಊಹೆ. ಆದರೆ ವಚನದಲ್ಲಿ ಕಣ್ಣಿಗೆ ಕಾಣುವುದು ಇಷ್ಟು: ಪೌಲ ಮೊದಲು ಹೇಳಿದ ಲೆಕ್ಕ ಪೂರ್ತಿ ಇರಲಿಲ್ಲ. ಅವನು ತಿದ್ದಿದ. ತಿದ್ದಿದ ಮೇಲೂ ಖಾತ್ರಿ ಇಲ್ಲ ಎಂದ. ಆ ಮರೆವು, ಆ ತಿದ್ದುಪಡಿ, ಆ 'ಗೊತ್ತಿಲ್ಲ', ಮೂರೂ ನಮ್ಮ ಸತ್ಯವೇದದಲ್ಲಿ ಹಾಗೇ ಉಳಿದಿವೆ.

ಬೈಬಲ್ ಒಂದೂ ತಪ್ಪಿಲ್ಲದ ಗ್ರಂಥವೇ, ಅಥವಾ ಮನುಷ್ಯರ ಕೈಯಿಂದ ಆಗಬಹುದಾದ ತಪ್ಪುಗಳೂ ಅದರಲ್ಲಿ ಇರಬಹುದೇ? ಕ್ರೈಸ್ತರು ಇದರಲ್ಲಿ ಯಾವುದನ್ನು ಒಪ್ಪಬೇಕು? ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಬೈಬಲ್ ಮೂಲಕ ದೇವರು ಮಾತಾಡುತ್ತಾನೆ ಎಂದು ನಾನು ಪೂರ್ಣ ಮನಸ್ಸಿನಿಂದ ನಂಬುತ್ತೇನೆ. ಅದನ್ನು ಬರೆದವರ ನೆನಪು, ಲೆಕ್ಕ, ಆ ಕಾಲದ ತಿಳುವಳಿಕೆ ಇವುಗಳಲ್ಲಿ ತಪ್ಪು ಇದೆ ಎಂದೂ ಒಪ್ಪುತ್ತೇನೆ. ಈ ಎರಡು ಮಾತಿಗೆ ಜಗಳ ಹಚ್ಚುವ ಅಗತ್ಯ ನನಗೆ ಕಾಣುವುದಿಲ್ಲ.

ಒಂದೂ ತಪ್ಪಿಲ್ಲ ಎನ್ನುವವರ ಮಾತನ್ನು ಮೊದಲು ಸರಿಯಾಗಿ ಕೇಳೋಣ. ಅವರನ್ನು ಓದು ಬಾರದವರು ಎಂದು ತಳ್ಳಿಹಾಕುವುದು ಅನ್ಯಾಯ. 1978ರಲ್ಲಿ ಅಮೆರಿಕದ ಷಿಕಾಗೋದಲ್ಲಿ ಇವ್ಯಾಂಜೆಲಿಕಲ್ (ಬೈಬಲ್‌ಗೆ ಪರಮ ಅಧಿಕಾರ ಕೊಡುವ ಪ್ರೊಟೆಸ್ಟೆಂಟ್ ಪಂಥದ) ಪಂಡಿತರು, ಸಭಾನಾಯಕರು ಸೇರಿ ಒಂದು ಹೇಳಿಕೆ ಹೊರಡಿಸಿದರು. ಬೈಬಲ್ ನಂಬಿಕೆಯ ವಿಷಯದಲ್ಲಿ ಮಾತ್ರವಲ್ಲ, ಚರಿತ್ರೆ ಮತ್ತು ವಿಜ್ಞಾನದ ವಿಷಯದಲ್ಲೂ ತಪ್ಪಿಲ್ಲದ್ದು ಎಂದು ಅದರಲ್ಲಿದೆ. ಆದರೆ ಅದನ್ನು ಎಚ್ಚರಿಕೆಯಿಂದ ಬರೆದಿದ್ದಾರೆ. ಅಂದಾಜು ಸಂಖ್ಯೆ ಬಳಸಿದ್ದು ತಪ್ಪಲ್ಲ, ವ್ಯಾಕರಣ ಹೆಚ್ಚುಕಡಿಮೆಯಾದರೆ ತಪ್ಪಲ್ಲ, ಇಂದಿನ ವಿಜ್ಞಾನದ ನಿಖರತೆಯನ್ನು ಅದರಲ್ಲಿ ಹುಡುಕಬಾರದು ಎಂದಿದ್ದಾರೆ. ಈ ನಂಬಿಕೆ ಇದ್ದರಷ್ಟೇ ರಕ್ಷಣೆ ಎಂದು ನಾವು ಹೇಳುವುದಿಲ್ಲ ಎಂದೂ 19ನೇ ಕಲಮಿನಲ್ಲಿ ಬರೆದಿದ್ದಾರೆ. ಆ ಹೇಳಿಕೆಯ ಹೆಸರು ಹಿಡಿದು ವಾದಿಸುವ ಎಷ್ಟೋ ಜನ ಈ ಸಾಲನ್ನು ಓದಿಯೇ ಇರುವುದಿಲ್ಲ.

ಅವರ ಹಿಂದೆ ಹಳೆಯ ಪರಂಪರೆಯೂ ಇದೆ. ಆದಿ ಸಭೆಯ ದೊಡ್ಡ ಪಂಡಿತ ಸಂತ ಅಗಸ್ಟೀನ್, ಬೈಬಲನ್ನು ಲ್ಯಾಟಿನ್‌ಗೆ ಅನುವಾದಿಸಿದ ಜೆರೋಮನಿಗೆ ಬರೆದ ಪತ್ರವೊಂದರಲ್ಲಿ ಹೀಗೆ ಹೇಳುತ್ತಾನೆ: ಈ ಗ್ರಂಥಗಳಲ್ಲಿ ಸತ್ಯಕ್ಕೆ ವಿರುದ್ಧವಾದದ್ದು ಏನಾದರೂ ಕಂಡರೆ, ನಕಲು ಮಾಡಿದವನು ತಪ್ಪಿದ್ದಾನೆ, ಇಲ್ಲವೇ ಅನುವಾದ ಮಾಡಿದವನಿಗೆ ಅರ್ಥವಾಗಿಲ್ಲ, ಇಲ್ಲವೇ ನನಗೇ ಅರ್ಥವಾಗಿಲ್ಲ. ಬರೆದವನು ತಪ್ಪಿರಬಹುದು ಎಂಬ ನಾಲ್ಕನೆಯ ದಾರಿಯನ್ನು ಅವನು ತೆರೆಯುವುದೇ ಇಲ್ಲ. ಅಗಸ್ಟೀನನಂಥವನು ಹಾಗೆ ಹೇಳಿದಾಗ ನಾವು ನಿಂತು ಯೋಚಿಸಬೇಕು.

ಯೋಚಿಸಿದ ಮೇಲೂ ನನಗೆ ಆ ಮೂರು ದಾರಿ ಸಾಲುವುದಿಲ್ಲ. ಮತ್ತಾಯ 27:9 ನೋಡಿ. ಯೇಸುವನ್ನು ಹಿಡಿದುಕೊಟ್ಟ ಯೂದ ಹಿಂದಿರುಗಿಸಿದ ಮೂವತ್ತು ಬೆಳ್ಳಿ ನಾಣ್ಯಗಳ ವಿಷಯ. ಪ್ರವಾದಿ ಯೆರೆಮೀಯನ ಮಾತು ನೆರವೇರಿತು ಎಂದು ಮತ್ತಾಯ ಬರೆಯುತ್ತಾನೆ. ಮೂವತ್ತು ಬೆಳ್ಳಿ ನಾಣ್ಯಗಳ ಮಾತು ಇರುವುದು ಜೆಕರ್ಯನ 11ನೇ ಅಧ್ಯಾಯದಲ್ಲಿ. ಯೆರೆಮೀಯನೂ ಕುಂಬಾರನ ಬಗ್ಗೆ, ಹೊಲ ಕೊಳ್ಳುವುದರ ಬಗ್ಗೆ ಬರೆದಿದ್ದಾನೆ, ಎರಡನ್ನೂ ಸೇರಿಸಿ ಮತ್ತಾಯ ದೊಡ್ಡ ಪ್ರವಾದಿಯ ಹೆಸರು ಹಾಕಿದ್ದಾನೆ ಎಂದು ವಿವರಿಸುವವರಿದ್ದಾರೆ. ಆಗಬಹುದು. ಆದರೆ ಹದಿನಾರನೆಯ ಶತಮಾನದ ಪ್ರೊಟೆಸ್ಟೆಂಟ್ ಸುಧಾರಣೆಯ ನಾಯಕ ಜಾನ್ ಕ್ಯಾಲ್ವಿನ್ ಈ ವಚನಕ್ಕೆ ಬರೆದ ವ್ಯಾಖ್ಯಾನದಲ್ಲಿ, ಯೆರೆಮೀಯನ ಹೆಸರು ಇಲ್ಲಿ ಹೇಗೆ ಬಂತೋ ನನಗೆ ಗೊತ್ತಿಲ್ಲ, ಅದಕ್ಕಾಗಿ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುವುದೂ ಇಲ್ಲ, ಜೆಕರ್ಯನ ಹೆಸರಿನ ಬದಲು ತಪ್ಪಾಗಿ ಬಂದಿದೆ ಎಂದು ಹೇಳಿ ಮುಂದೆ ಹೋಗುತ್ತಾನೆ. ಕ್ಯಾಲ್ವಿನನಿಗೆ ದೇವರ ವಾಕ್ಯದ ಮೇಲೆ ಭಕ್ತಿ ಕಡಿಮೆ ಇತ್ತು ಎಂದು ಯಾರೂ ಹೇಳಲಾರರು, ಅಲ್ವಾ?

ಮೂಲ ಪ್ರತಿಯ ಮಾತನ್ನೂ ನೋಡಬೇಕು. ಷಿಕಾಗೋ ಹೇಳಿಕೆ ತಪ್ಪಿಲ್ಲದ್ದು ಎಂದು ಹೇಳುವುದು ಲೇಖಕರು ಮೊದಲು ಬರೆದ ಪ್ರತಿಗಳನ್ನು. ಅವುಗಳಲ್ಲಿ ಒಂದೂ ಇವತ್ತು ಉಳಿದಿಲ್ಲ. ನಮ್ಮ ಕೈಯಲ್ಲಿರುವುದು ನಕಲಿನ ನಕಲು. 1 ಸಮುವೇಲ 13:1ನ್ನು ಹೀಬ್ರೂ ಪ್ರತಿಯಲ್ಲಿ ಇದ್ದ ಹಾಗೇ ಓದಿದರೆ, ಅರಸನಾದಾಗ ಸೌಲನಿಗೆ ಒಂದು ವರ್ಷ ವಯಸ್ಸು! ಎಲ್ಲೋ ಒಂದು ಸಂಖ್ಯೆ ಬಿದ್ದುಹೋಗಿದೆ. ಮಾರ್ಕನ ಸುವಾರ್ತೆಯ ಕೊನೆಯ ಹನ್ನೆರಡು ವಚನಗಳು ನಾಲ್ಕನೆಯ ಶತಮಾನದ ಎರಡು ದೊಡ್ಡ ಹಸ್ತಪ್ರತಿಗಳಾದ ಸಿನೈಟಿಕಸ್, ವ್ಯಾಟಿಕಾನಸ್‌ಗಳಲ್ಲಿ ಇಲ್ಲ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸನ್ನು ಯೇಸು ಕಲ್ಲೇಟಿನಿಂದ ಉಳಿಸಿದ ಪ್ರಸಂಗವೂ ಅವುಗಳಲ್ಲಿ ಇಲ್ಲ. ಆ ಪ್ರಸಂಗ ಓದಿ ಎಷ್ಟು ಜನ ಅತ್ತಿಲ್ಲ! ಯೋಹಾನನ ಸುವಾರ್ತೆಗೆ ಅದು ಆಮೇಲೆ ಸೇರಿದ್ದು ಎಂದು ತಿಳಿದೂ ಸಭೆಗಳು ಅದನ್ನು ಬಿಟ್ಟುಕೊಟ್ಟಿಲ್ಲ, ಬಿಟ್ಟುಕೊಡಲೂಬಾರದು. ಒಂದೂ ತಪ್ಪಿಲ್ಲದ ಪ್ರತಿ ಬೇಕೇಬೇಕು ಎಂದು ದೇವರಿಗೆ ಅನ್ನಿಸಿದ್ದರೆ ಅದನ್ನು ಕಾಪಾಡುವುದು ಅವನಿಗೆ ಕಷ್ಟವಾಗುತ್ತಿರಲಿಲ್ಲ. ಅವನು ಕಾಪಾಡಲಿಲ್ಲ. ಆದರೂ ಅವನ ಜನರು ಇಷ್ಟು ಶತಮಾನ ಬದುಕಿದ್ದಾರೆ.

ಇನ್ನು ನನಗೆ ಬಹಳ ಮುಖ್ಯವಾದ ಪ್ರಸಂಗಕ್ಕೆ ಬರುತ್ತೇನೆ. ದಾವೀದ ಜನಗಣತಿ ಮಾಡಿಸಿದ್ದು. 2 ಸಮುವೇಲ 24ರಲ್ಲಿ ಯೆಹೋವನೇ ಇಸ್ರಾಯೇಲ್ಯರ ಮೇಲೆ ಕೋಪಗೊಂಡು ದಾವೀದನನ್ನು ಈ ಕೆಲಸಕ್ಕೆ ಪ್ರೇರೇಪಿಸುತ್ತಾನೆ. 1 ಪೂರ್ವಕಾಲವೃತ್ತಾಂತ 21ರಲ್ಲಿ ಪ್ರೇರೇಪಿಸುವವನು ಸೈತಾನ. ಒಂದರಲ್ಲಿ ಇಸ್ರಾಯೇಲಿನ ಸೈನಿಕರು 8 ಲಕ್ಷ, ಯೆಹೂದದವರು 5 ಲಕ್ಷ. ಇನ್ನೊಂದರಲ್ಲಿ 11 ಲಕ್ಷ, 4 ಲಕ್ಷ 70 ಸಾವಿರ. ಕೊನೆಗೆ ಬಲಿಪೀಠ ಕಟ್ಟಲು ದಾವೀದ ಕೊಂಡ ಕಣಕ್ಕೆ ಕೊಟ್ಟ ಬೆಲೆ ಒಂದರಲ್ಲಿ 50 ಶೆಕೆಲ್ ಬೆಳ್ಳಿ, ಇನ್ನೊಂದರಲ್ಲಿ 600 ಶೆಕೆಲ್ ಬಂಗಾರ. ಸಂಖ್ಯೆಗಳನ್ನು ಹೊಂದಿಸಲು ದಾರಿಗಳಿವೆ. ಕಣಕ್ಕೆ, ಎತ್ತುಗಳಿಗೆ ಬೆಳ್ಳಿ, ಸುತ್ತಲಿನ ಇಡೀ ಜಾಗಕ್ಕೆ ಬಂಗಾರ ಎನ್ನುತ್ತಾರೆ. ಅದರ ಬಗ್ಗೆ ನಾನು ವಾದ ಮಾಡುವುದಿಲ್ಲ.

ದೇವರೋ ಸೈತಾನನೋ ಎಂಬುದು ಹಾಗೆ ಬಿಡುವ ವಿಷಯವಲ್ಲ. ಆ ಗಣತಿಗೆ ಶಿಕ್ಷೆಯಾಗಿ ವ್ಯಾಧಿ ಬಂದು 70,000 ಜನ ಸತ್ತರು ಎಂದು ಎರಡೂ ಕಡೆ ಇದೆ. ಸಮುವೇಲನ ಗ್ರಂಥದ ಪ್ರಕಾರ ದೇವರೇ ಪಾಪಕ್ಕೆ ತಳ್ಳಿ, ದೇವರೇ ಆ ಪಾಪಕ್ಕೆ ಶಿಕ್ಷೆ ಕೊಟ್ಟ ಹಾಗಾಯಿತು. ಪೂರ್ವಕಾಲವೃತ್ತಾಂತ ಬರೆದವನು ಯೆಹೂದ್ಯರು ಬಾಬೆಲಿನಲ್ಲಿ ಸೆರೆಯಾಗಿದ್ದ ಕಾಲ ಮುಗಿದ ಮೇಲಿನವನು. ಹಳೆಯ ಬರಹ ಅವನ ಮುಂದಿತ್ತು. ಅದನ್ನು ಓದಿ ಅವನಿಗೆ ಒಪ್ಪಿಕೊಳ್ಳಲು ಆಗಲಿಲ್ಲ. ನಮ್ಮ ದೇವರು ಹಾಗೆ ಮಾಡುವವನೇ? ಅವನು ಬದಲಾಯಿಸಿ ಬರೆದ. ನಾನು ಈ ಎರಡು ಅಧ್ಯಾಯಗಳನ್ನು ಅರ್ಥಮಾಡಿಕೊಳ್ಳುವುದು ಹೀಗೆ. ಒಂದೇ ದೇವರನ್ನು ಆರಾಧಿಸುವ ಜನ, ಆ ದೇವರು ಎಂಥವನು ಎಂದು ತಲೆಮಾರುಗಳ ಕಾಲ ಒದ್ದಾಡಿದ್ದಾರೆ. ಇನ್ನೂ ದೊಡ್ಡದು ಏನೆಂದರೆ, ಗ್ರಂಥಗಳನ್ನು ಒಟ್ಟುಗೂಡಿಸಿದವರು ಎರಡನ್ನೂ ಇಟ್ಟುಕೊಂಡರು. ಒಂದನ್ನು ಸುಟ್ಟುಹಾಕಲಿಲ್ಲ. ದೇವರು ಅನುಮತಿ ಕೊಟ್ಟ, ಸೈತಾನ ಕೆಲಸ ಮಾಡಿದ ಎಂದು ಒಂದೇ ವಾಕ್ಯದಲ್ಲಿ ಎರಡನ್ನೂ ಕೂಡಿಸಿಬಿಟ್ಟರೆ ಕಣ್ಣೆದುರಿನ ಆ ಒದ್ದಾಟವೇ ಕಾಣದಂತಾಗುತ್ತದೆ. ಅದನ್ನು ಕಳೆದುಕೊಳ್ಳಲು ನನಗೆ ಮನಸ್ಸಿಲ್ಲ.

ಈಗ ಭಯದ ವಿಷಯ. ಒಂದು ಎಳೆ ಎಳೆದರೆ ಇಡೀ ಬಟ್ಟೆ ಬಿಚ್ಚಿಕೊಳ್ಳುತ್ತದೆ ಎಂಬ ಭಯ. ಜನಗಣತಿಯಲ್ಲಿ ತಪ್ಪಿದ್ದರೆ ಪುನರುತ್ಥಾನದಲ್ಲೂ ತಪ್ಪಿರಬಹುದಲ್ಲ? ಈ ಪ್ರಶ್ನೆ ಸುಮ್ನೆ ಕೇಳುವಂಥದ್ದಲ್ಲ. ರಾತ್ರಿ ನಿದ್ದೆ ಕೆಡಿಸುವ ಪ್ರಶ್ನೆ. ನನ್ನ ಉತ್ತರ ಇದು. ಕ್ರಿಸ್ತನು ಎದ್ದುಬರದಿದ್ದರೆ ನಿಮ್ಮ ನಂಬಿಕೆ ವ್ಯರ್ಥ ಎಂದು ಪೌಲ 1 ಕೊರಿಂಥ 15ರಲ್ಲಿ ಬರೆದ. ಶಾಸ್ತ್ರದಲ್ಲಿ ಒಂದು ಲೆಕ್ಕ ತಪ್ಪಿದ್ದರೆ ನಂಬಿಕೆ ವ್ಯರ್ಥ ಎಂದು ಅವನು ಎಲ್ಲೂ ಬರೆಯಲಿಲ್ಲ. ಹೊಸ ಒಡಂಬಡಿಕೆಯ 27 ಪುಸ್ತಕಗಳ ಪಟ್ಟಿ ಇವತ್ತು ಇರುವ ಹಾಗೆ ಮೊದಲು ಕಾಣುವುದು 367ರಲ್ಲಿ, ಅಲೆಕ್ಸಾಂಡ್ರಿಯದ ಬಿಷಪ್ ಅಥನೇಷಿಯಸ್ ಬರೆದ ಪಾಸ್ಕ (ಈಸ್ಟರ್) ಪತ್ರದಲ್ಲಿ. ಅದಕ್ಕೆ ಮುಂಚೆ ಎಷ್ಟೋ ತಲೆಮಾರಿನ ಕ್ರೈಸ್ತರು ಈ ಇಡೀ ಗ್ರಂಥವನ್ನು ಕಣ್ಣಿಂದ ನೋಡದೆಯೇ ಯೇಸುವಿಗಾಗಿ ಪ್ರಾಣ ಕೊಟ್ಟರು. ಅವರ ನಂಬಿಕೆ ನಿಂತದ್ದು ಯೇಸುವಿನ ಮೇಲೆ, ಅವನನ್ನು ಕಂಡವರ ಸಾಕ್ಷಿಯ ಮೇಲೆ. ಸಾಕ್ಷಿಗಳು ಸಣ್ಣ ವಿವರಗಳಲ್ಲಿ ಬೇರೆಬೇರೆ ಹೇಳಿದರೆ ಕೂಡಿ ಕಟ್ಟಿದ ಕಥೆಯಲ್ಲ ಎಂಬ ನಂಬಿಕೆ ನನಗೆ ಹೆಚ್ಚೇ ಆಗುತ್ತದೆ.

ಕಥೋಲಿಕ ಸಭೆ 1965ರಲ್ಲಿ, ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ ಒಂದು ಒಳ್ಳೆಯ ಮಾತು ಹೇಳಿತು. ನಮ್ಮ ರಕ್ಷಣೆಗಾಗಿ ದೇವರು ಯಾವ ಸತ್ಯವನ್ನು ಶಾಸ್ತ್ರದಲ್ಲಿ ಇಡಲು ಇಷ್ಟಪಟ್ಟನೋ ಆ ಸತ್ಯವನ್ನು ಶಾಸ್ತ್ರ ತಪ್ಪಿಲ್ಲದೆ ಕಲಿಸುತ್ತದೆ ಎಂದು. ಇದರ ಅರ್ಥ ಎಷ್ಟು ದೂರ ಹೋಗುತ್ತದೆ ಎಂದು ಅವರಲ್ಲೇ ಇನ್ನೂ ಚರ್ಚೆ ಇದೆ. ನನಗೆ ಇದು 2 ತಿಮೊಥೆ 3:15ರ ಹತ್ತಿರ ಇರುವ ಮಾತಾಗಿ ಕಾಣುತ್ತದೆ. ಶಾಸ್ತ್ರ ದೈವಪ್ರೇರಿತ ಎನ್ನುವ 16ನೇ ವಚನವನ್ನು ಎಲ್ಲರೂ ಬಾಯಿಪಾಠ ಮಾಡುತ್ತಾರೆ. ಅದರ ಹಿಂದಿನ ವಚನದಲ್ಲಿ ಶಾಸ್ತ್ರದ ಕೆಲಸ ಏನು ಎಂದಿದೆ: ರಕ್ಷಣೆಯ ಜ್ಞಾನ ಕೊಡುವುದು.

ನನ್ನ ಕಡೆಯವರಿಗೂ ಒಂದು ಮಾತು ಹೇಳಲೇಬೇಕು. ಬೈಬಲ್‌ನಲ್ಲಿ ಮನುಷ್ಯರ ತಪ್ಪಿದೆ ಎಂದು ಒಪ್ಪಿದ ಕೂಡಲೇ, ನಮಗೆ ಹಿಡಿಸದ್ದೆಲ್ಲ ಮನುಷ್ಯರದ್ದು, ಹಿಡಿಸಿದ್ದು ದೇವರದ್ದು ಎಂದು ಮಾಡಿಬಿಡುವ ಅಪಾಯ ಇದೆ. ಅಮೆರಿಕದ ಅಧ್ಯಕ್ಷರಾಗಿದ್ದ ಥಾಮಸ್ ಜೆಫರ್‌ಸನ್ ಸುಮಾರು 1820ರಲ್ಲಿ ಸುವಾರ್ತೆಗಳನ್ನು ಬ್ಲೇಡಿನಿಂದ ಕತ್ತರಿಸಿ, ಅದ್ಭುತಗಳನ್ನು ಬಿಟ್ಟು, ತಮಗೆ ಒಪ್ಪುವ ಭಾಗವನ್ನು ಅಂಟಿಸಿಕೊಂಡರು. ಅವರ ಪುಸ್ತಕ ಯೇಸುವನ್ನು ಸಮಾಧಿಯಲ್ಲಿಟ್ಟು ಮುಗಿಯುತ್ತದೆ. ಶತ್ರುವನ್ನು ಪ್ರೀತಿಸಿ ಎಂಬ ಮಾತು ನನಗೂ ಕಷ್ಟವೇ. ಕಷ್ಟ ಎಂದು ಅದನ್ನು ಕತ್ತರಿಸಿದರೆ ನನ್ನನ್ನು ತಿದ್ದುವವರು ಯಾರೂ ಉಳಿಯುವುದಿಲ್ಲ.

ಆದರೆ ಒಂದೂ ತಪ್ಪಿಲ್ಲ ಎಂದುಕೊಂಡರೆ ಈ ಅಪಾಯ ತಪ್ಪುತ್ತದೆಯೇ? ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಗುಲಾಮರನ್ನು ಇಟ್ಟುಕೊಂಡವರು, ದಾಸರು ಯಜಮಾನರಿಗೆ ವಿಧೇಯರಾಗಿರಬೇಕು ಎಂಬ ಎಫೆಸ 6:5ನ್ನು ಕೈಯಲ್ಲಿ ಹಿಡಿದೇ ವಾದಿಸಿದರು. ಆ ವಚನದಲ್ಲಿ ಅವರಿಗೆ ಒಂದು ಅಕ್ಷರವೂ ಸಂಶಯ ಇರಲಿಲ್ಲ. ಗುಲಾಮರು ಅದೇ ಬೈಬಲ್‌ನ ವಿಮೋಚನಕಾಂಡ ಕೇಳಿ, ಐಗುಪ್ತದಿಂದ ಜನರನ್ನು ಬಿಡಿಸಿದ ದೇವರ ಮೇಲೆ ಹಾಡು ಕಟ್ಟಿ ಹಾಡಿದರು. ಯಾರು ಬೈಬಲನ್ನು ಸರಿಯಾಗಿ ಓದಿದರು?

ಯಾವುದು ಯಾವುದನ್ನು ಅಳೆಯಬೇಕು ಎಂದು ಯೇಸುವೇ ತೋರಿಸಿಕೊಟ್ಟಿದ್ದಾನೆ. ಹೆಂಡತಿಯನ್ನು ಬಿಡಬಹುದು ಎಂದು ಮೋಶೆಯ ಧರ್ಮಶಾಸ್ತ್ರದಲ್ಲಿ ಇದೆಯಲ್ಲ ಎಂದು ಫರಿಸಾಯರು ಕೇಳಿದರು. ಮತ್ತಾಯ 19:8ರಲ್ಲಿ ಅವನ ಉತ್ತರ: ನಿಮ್ಮ ಹೃದಯ ಕಠಿಣವಾಗಿದ್ದರಿಂದ ಮೋಶೆ ಹಾಗೆ ಒಪ್ಪಿದ, ಆದಿಯಿಂದ ಹಾಗಿರಲಿಲ್ಲ. ಶಾಸ್ತ್ರದ ಒಂದು ಮಾತಿನಲ್ಲಿ ಮನುಷ್ಯರ ಕಲ್ಲುಮನಸ್ಸಿನ ಗುರುತು ಇದೆ ಎಂದು ಯೇಸುವೇ ಹೇಳಿದ. ಹೇಳುವಾಗ ಅದೇ ಶಾಸ್ತ್ರದ ಆದಿಕಾಂಡವನ್ನು ಆಧಾರ ಮಾಡಿಕೊಂಡ. ನಾನು ಯೇಸುವಿನಿಂದ ಓದಲು ಕಲಿಯಲು ಇಷ್ಟಪಡುತ್ತೇನೆ.

ಯೌವನಸ್ಥರಿಗೆ ಬೈಬಲ್ ಪಾಠ ಮಾಡುವವರು ಇಲ್ಲಿ ಇರಬಹುದು. ನಿಮ್ಮಲ್ಲಿ ಒಂದು ಕೋರಿಕೆ. 2 ಸಮುವೇಲ 24, 1 ಪೂರ್ವಕಾಲವೃತ್ತಾಂತ 21 ಎರಡನ್ನೂ ಒಂದೇ ದಿನ ಓದಿಸಿ. ಯೂದನ ಸಾವಿನ ಬಗ್ಗೆ ಮತ್ತಾಯ 27, ಅಪೊಸ್ತಲರ ಕೃತ್ಯಗಳು 1 ಏನು ಹೇಳುತ್ತವೆ ಎಂದು ಪಕ್ಕಪಕ್ಕದಲ್ಲಿ ಇಟ್ಟು ಓದಿಸಿ. ವಿವರಣೆ ಕೊಡಲು ಅವಸರ ಮಾಡಬೇಡಿ. ಹದಿನೈದು ವರ್ಷದ ಹುಡುಗಿ ಎದ್ದು ನಿಂತು 'ಇದು ಹೇಗೆ ಎರಡೂ ಸರಿ' ಎಂದು ಕೇಳಿದರೆ, ಅವಳ ನಂಬಿಕೆ ಕುಂದಿದೆ ಎಂದು ಪ್ರಾರ್ಥನೆಗೆ ಕೂರಿಸಬೇಡಿ. ಇದೇ ಪ್ರಶ್ನೆ ಪೂರ್ವಕಾಲವೃತ್ತಾಂತ ಬರೆದವನಿಗೂ ಬಂದಿತ್ತು ಎಂದು ಹೇಳಿ. ಈ ವ್ಯತ್ಯಾಸಗಳು ಇವತ್ತಲ್ಲ ನಾಳೆ ಅವಳಿಗೆ ಗೊತ್ತಾಗಿಯೇ ಆಗುತ್ತವೆ. ಅಣಕಿಸುವವರ ಬಾಯಿಂದ ಗೊತ್ತಾಗುವುದಕ್ಕೆ ಮುಂಚೆ, ಈ ಗ್ರಂಥವನ್ನು ಪ್ರೀತಿಸುವ ನಿಮ್ಮ ಬಾಯಿಂದ ಗೊತ್ತಾಗಲಿ.